ಅಜ್ಜಿ, ಜೋಳದ ದಂಟು ಮತ್ತು ಫೋಕಸ್ಸಿನ ಕಥೆ

ತುಂಬಾ ದಿನದಿಂದ ಬರೀಬೇಕು ಅಂದ್ಕೊಂಡಿದ್ದ ವಿಷಯ ಇದು. ಆಫೀಸು, ರಿಲೀಸು, ಮತ್ತೆ ಆಫೀಸು ಅಂತ ಮುಂದಕ್ಕೆ ಹೋಗ್ತಾನೇ ಇತ್ತು. ಮೊನ್ನೆ ನಮ್ಮ ಟೀಮಿನ ಹುಡುಗನೊಬ್ಬ ಹೊಸ ಕ್ಯಾಮರಾ ತಗೊಂಡು, ಪೆಟ್ಟಿಗೆ ಸಮೇತ ನನ್ನ ಡೆಸ್ಕಿನ ಹತ್ರ ಬಂದ. "ಶುರುವಿನಲ್ಲಿ ಮ್ಯಾನ್ಯುಯಲ್ ಫೋಕಸ್ ಕಲೀಬೇಕಾ, ಇಲ್ಲಾ ಆಟೋಫೋಕಸ್ಸಲ್ಲೇ ಇದ್ದುಬಿಡ್ಲಾ?" ಅಂತ ಕೇಳಿದ. ನಾನು ಹಿಂದೆ ಮುಂದೆ ನೋಡದೆ "ಮೊದ್ಲು ಮ್ಯಾನ್ಯುಯಲ್ ಕಲಿಯಪ್ಪಾ, ಆಮೇಲೆ ಉಳಿದದ್ದು" ಅಂದುಬಿಟ್ಟೆ. ಮನೇಲಿ ಒಂದು ಹಳೇ ಕ್ಯಾಮರಾ ಇಟ್ಕೊಂಡಿರೋರೆಲ್ಲ ಹೇಳೋ ಮಾತೇ ಇದು. ಅವನು ತಲೆಯಾಡಿಸಿ ಹೋದ.

ಅವನು ಹೋದ ಮೇಲೆ, ಹಾಗೆ ಹೇಳೋಕೆ ನಾನ್ಯಾರು ಅನ್ನಿಸೋಕೆ ಶುರುವಾಯ್ತು. ಯಾಕಂದ್ರೆ ನನ್ನ ಹತ್ರ ಅಜ್ಜಿಯ ಎರಡು ಫೋಟೋ ಇವೆ. ಒಂದು ಆಟೋಫೋಕಸ್ಸಿನಲ್ಲಿ ತೆಗೆದದ್ದು, ಇನ್ನೊಂದು ಮ್ಯಾನ್ಯುಯಲ್ಲಿನಲ್ಲಿ. ಎರಡನ್ನೂ ಕೆಡಿಸಿದವನು ನಾನೇ.

ನನ್ನ ಅಮ್ಮನ ತವರು ಕಡಗಂಚಿ. ಕಲಬುರಗಿಯಿಂದ ಆಳಂದಕ್ಕೆ ಹೋಗೋ ರಸ್ತೆಯಲ್ಲಿ ಸಿಗುತ್ತೆ. ದತ್ತ ಸಂಪ್ರದಾಯದವರಿಗೆ ಇದು ಗುರುಚರಿತ್ರೆಯಲ್ಲಿ ಬರೋ ಸಾಯಂದೇವರ ಊರು. ಈಗಿನವರಿಗೆ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಕ್ಯಾಂಪಸ್ ಇರೋ ಊರು. ನನಗೆ ಮಾತ್ರ ಕಡಗಂಚಿ ಅಂದ್ರೆ ಕರಿ ಮಣ್ಣು, ತೊಗರಿ, ಜೋಳ, ಮತ್ತು ಎಳ್ಳಮಾವಾಸ್ಯೆ. ನಮ್ಮ ಕಡೆ ಎಳ್ಳಮಾವಾಸ್ಯೆ ಅಂದ್ರೆ ದೊಡ್ಡ ಹಬ್ಬ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಬೆಳೆಗೆ ಚರಗ ಚೆಲ್ಲಿ, ಮರದ ಕೆಳಗೆ ಕೂತು ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಎಲ್ಲಾ ಉಣ್ಣೋದು. ಬೆಂಗಳೂರಿನಲ್ಲಿ ಈ ಹಬ್ಬಕ್ಕೆ ರಜೆ ಕೇಳಿದ್ರೆ "ಹಂಗಂದ್ರೆ ಏನು?" ಅಂತಾರೆ, ಅದು ಬೇರೆ ಮಾತು.

2024ರ ಜನವರಿಯ ಎಳ್ಳಮಾವಾಸ್ಯೆಗೆ ನಾನು ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಒಂದನ್ನು ಹೊತ್ತುಕೊಂಡು ಹೋಗಿದ್ದೆ. ಅದಕ್ಕೆ 50 ಎಂಎಂ ಎಫ್ 1.8 ಲೆನ್ಸು. ಹಿಂದೆಲ್ಲಾ ಹೇಗೆ ಮಬ್ಬಾಗಿ ಕಾಣ್ಸುತ್ತೆ ನೋಡಿ ಅಂತ ಎಲ್ಲರಿಗೂ ತೋರಿಸಿ ಮೆರೆಯೋ ಲೆನ್ಸು. ಅಜ್ಜಿ ಜೋಳದ ಹೊಲದಲ್ಲಿ ನಿಂತು ಏನೋ ನೆನಪಿಸಿಕೊಂಡು ಬಾಯ್ತುಂಬ ನಗ್ತಿದ್ದಳು. ಸೆರಗು ತಲೆ ಮೇಲಿಂದ ಜಾರಿತ್ತು. ಕ್ಯಾಮರಾ ಎತ್ತಿದೆ, ಅದು 'ಪೀಂ' ಅಂತು, ಒತ್ತಿದೆ. ಬಿಸಿಲಲ್ಲಿ ಸಣ್ಣ ಸ್ಕ್ರೀನಿನಲ್ಲಿ ನೋಡಿದಾಗ ಚೆನ್ನಾಗೇ ಇತ್ತು.

ಬೆಂಗಳೂರಿಗೆ ಬಂದು ಲ್ಯಾಪ್‌ಟಾಪಿಗೆ ಹಾಕಿ ದೊಡ್ಡದು ಮಾಡಿದಾಗ ಗೊತ್ತಾಯ್ತು. ಅಜ್ಜಿಯ ಮುಂದೆ ಒಂದು ಜೋಳದ ದಂಟು ಇತ್ತು. ದಂಟು ಎಂಥಾ ಚೂಪಾಗಿ ಬಂದಿದೆ ಅಂದ್ರೆ ಎಲೆಯ ಅಂಚಿನ ಮುಳ್ಳು ಎಣಿಸಬಹುದು. ಅದರ ಹಿಂದೆ ಅಜ್ಜಿಯ ನಗು, ನೀರಿನಲ್ಲಿ ಕಂಡ ಹಾಗೆ ಮಬ್ಬು ಮಬ್ಬು.

ಎರಡನೇ ಫೋಟೋ ಅದೇ ದಿನ ಸಂಜೆಯದು. ನಮ್ಮ ಸೋದರಮಾವ ಒಂದು ಕಾಲದಲ್ಲಿ ಆಳಂದದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರು. ಅವರ ಹಳೇ ಯಾಶಿಕಾ ಎಫ್‌ಎಕ್ಸ್-3 ಸೂಪರ್ 2000 ಇನ್ನೂ ಟ್ರಂಕಿನಲ್ಲಿತ್ತು. ಎಲ್ಲಾ ಕೈಯಿಂದಲೇ ಮಾಡಬೇಕಾದ ಫಿಲ್ಮ್ ಕ್ಯಾಮರಾ. ಬೆಳಕು ಅಳೆಯೋ ಮೀಟರಿಗೆ ಬಿಟ್ರೆ ಬ್ಯಾಟರಿಯೂ ಬೇಡ. ಅದಕ್ಕೆ ಅಂತಲೇ ಬೆಂಗಳೂರಿನಿಂದ ಒಂದು ರೋಲ್ ಒಯ್ದಿದ್ದೆ. ಕಟ್ಟೆ ಮೇಲೆ ಅಜ್ಜಿಯನ್ನ ಕೂರಿಸಿ, ಉಂಗುರ ಆ ಕಡೆ ಈ ಕಡೆ ತಿರುಗಿಸ್ತಾ ಕೂತೆ.

"ಎಷ್ಟೊತ್ತೋ ತಮ್ಮಾ? ಕಾಲು ಜೋಮು ಹಿಡ್ದಾವ," ಅಂದಳು ಅಜ್ಜಿ.

"ಒಂದೇ ನಿಮಿಷ ಅಜ್ಜಿ, ಅಲ್ಲಾಡಬ್ಯಾಡ."

ಅಲ್ಲಾಡಲಿಲ್ಲ. ಬೆಂಗಳೂರಿನಲ್ಲಿ ರೋಲ್ ತೊಳೆಸಿ ನೋಡಿದರೆ ಫೋಕಸ್ ಪಕ್ಕಾ. ಮೂಗುತಿಯ ಹೊಳಪೂ ಇದೆ, ಕಣ್ಣ ಸುತ್ತಿನ ಗೆರೆಗಳೂ ಇವೆ. ಆದ್ರೆ ಮುಖ ಮಾತ್ರ ಓಟರ್ ಐಡಿಯದು. ಉಸಿರು ಬಿಗಿಹಿಡಿದು, ತುಟಿ ಮುಚ್ಚಿ, ಇದು ಯಾವಾಗ ಮುಗಿಯುತ್ತೋ ಅಂತ ಕೂತ ಮುಖ.

ಆ ವರ್ಷ ಮಳೆಗಾಲದಲ್ಲಿ ಅಜ್ಜಿ ಹೋದಳು. ಫ್ರೇಮ್ ಹಾಕಿಸೋಕೆ ಫೋಟೋ ಬೇಕಾದಾಗ ಎರಡನೇದನ್ನೇ ಕೊಟ್ಟೆವು. ಮೊದಲನೇದನ್ನ ದೊಡ್ಡದು ಮಾಡಿದ್ರೆ ಜೋಳದ ದಂಟಿಗೆ ಮಾಲೆ ಹಾಕಿದ ಹಾಗಾಗ್ತಿತ್ತು. ಈಗ ಕಡಗಂಚಿಯ ಪಡಸಾಲೆಯಲ್ಲಿ ಓಟರ್ ಐಡಿ ಅಜ್ಜಿ ಇದ್ದಾಳೆ, ನನ್ನ ಲ್ಯಾಪ್‌ಟಾಪಿನಲ್ಲಿ ಮಬ್ಬು ಅಜ್ಜಿ ನಗ್ತಾ ಇದ್ದಾಳೆ.

ಈಗ ಹೇಳಿ, ಆ ಹುಡುಗನಿಗೆ ಏನು ಹೇಳಬೇಕಿತ್ತು? ಉತ್ತರ ಸಿಗದೆ, ಈ ಫೋಕಸ್ ಅನ್ನೋದು ಕೈಯಿಂದ ಮಷೀನಿಗೆ ಹೋಗಿದ್ದಾದರೂ ಹೇಗೆ ಅಂತ ಹಿಂದಕ್ಕೆ ಓದ್ತಾ ಹೋದೆ. ಓದಿದ್ದರಲ್ಲಿ ನಮ್ಮ ಕಡೆಯ ಕಥೆಯೂ ಸಾಕಷ್ಟು ಸಿಕ್ಕಿತು.

ಕಲ್ಲು ಅಲ್ಲಾಡೋದಿಲ್ಲ

ನಮ್ಮ ಭಾಗದ ಅತಿ ಹಳೆಯ ಫೋಟೋಗಳಲ್ಲಿ ಕೆಲವು ಬಿಜಾಪುರದವು. 1855ರಲ್ಲಿ ಕ್ಯಾಪ್ಟನ್ ಥಾಮಸ್ ಬಿಗ್ಸ್ ಅನ್ನೋ ಸೈನ್ಯಾಧಿಕಾರಿಯನ್ನ ಮುಂಬೈ ಸರ್ಕಾರ ಹಳೇ ಕಟ್ಟಡಗಳ ಫೋಟೋ ತೆಗೆಯೋಕೆ ನೇಮಿಸಿತು. ಆತ ಬಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರ ತೆಗೆದ. ಮುಂದೆ 1866ರಲ್ಲಿ ಲಂಡನ್ನಿನಲ್ಲಿ ಆ ಕಾಲದ ಈ ಚಿತ್ರಗಳು ದೊಡ್ಡ ಪುಸ್ತಕಗಳಾಗಿ ಬಂದವು. ಅವಕ್ಕೆ ಬರೆದವರಲ್ಲಿ ಒಬ್ಬರು ಮೆಡೋಸ್ ಟೇಲರ್. ಹೌದು, ನಮ್ಮ ಸುರಪುರದ ಟೇಲರ್ ಸಾಹೇಬರೇ! 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನೋ ಇನ್ನೊಬ್ಬ ಅಧಿಕಾರಿ ಹಂಪಿಯನ್ನ ಮೇಣ ಹಚ್ಚಿದ ದೊಡ್ಡ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ. ಆ ನೆಗೆಟಿವ್‌ಗಳು ಮತ್ತೆ ಬೆಳಕಿಗೆ ಬಂದದ್ದು 1980ರಲ್ಲಿ.

ಇವರೆಲ್ಲ ಫೋಕಸ್ ಮಾಡ್ತಿದ್ದದ್ದು ಹೇಗೆ? ಮರದ ಪೆಟ್ಟಿಗೆಯ ಮುಂದೆ ಲೆನ್ಸು, ಹಿಂದೆ ಉಜ್ಜಿದ ಮಸುಕು ಗಾಜು. ಕರಿ ಬಟ್ಟೆ ಹೊದ್ದುಕೊಂಡು ಆ ಗಾಜನ್ನ ನೋಡಿದರೆ ಜಗತ್ತು ತಲೆಕೆಳಗಾಗಿ ಕಾಣಿಸುತ್ತೆ, ಎಡ ಬಲವೂ ಅದಲು ಬದಲು. ಪೆಟ್ಟಿಗೆಯನ್ನ ಹಿಗ್ಗಿಸಿ ಕುಗ್ಗಿಸಿ ಚಿತ್ರ ಚೂಪಾದಾಗ ನಿಲ್ಲಿಸೋದು. ಆಮೇಲೆ ಗಾಜು ತೆಗೆದು ಅಲ್ಲಿ ಕಾಗದ ಇಟ್ಟು, ಲೆನ್ಸಿನ ಮುಚ್ಚಳ ತೆಗೆಯೋದು. ಬಿಸಿಲಿದ್ದರೂ ಸೆಕೆಂಡುಗಟ್ಟಲೆ, ಕೆಲವೊಮ್ಮೆ ನಿಮಿಷಗಟ್ಟಲೆ ಕಾಯಬೇಕು. ಆ ಹೊತ್ತಿನಲ್ಲಿ ಮುಂದೆ ಯಾರಾದರೂ ನಡೆದುಹೋದರೆ ಅವರು ಚಿತ್ರದಲ್ಲಿ ಇರೋದೇ ಇಲ್ಲ! ಗೋಲಗುಮ್ಮಟಕ್ಕೆ ಇದರಿಂದ ಏನೂ ತೊಂದರೆ ಇಲ್ಲ. ಇನ್ನೂರು ವರ್ಷ ನಿಂತಿದ್ದ ಕಲ್ಲು ಇನ್ನೆರಡು ನಿಮಿಷ ನಿಲ್ಲುತ್ತೆ.

ತೊಂದರೆ ಇರೋದು ಮನುಷ್ಯರಿಗೆ. ಅದಕ್ಕೇ ಹಳೇ ಸ್ಟುಡಿಯೋಗಳಲ್ಲಿ ಕುತ್ತಿಗೆಯ ಹಿಂದೆ ಕಬ್ಬಿಣದ ಆಸರೆ ಇಡ್ತಿದ್ದರು, ತಲೆ ಅಲ್ಲಾಡಬಾರದು ಅಂತ. ಹಳೇ ಫೋಟೋಗಳಲ್ಲಿ ಯಾರೂ ನಗದೇ ಇರೋದಕ್ಕೆ ಇದೂ ಒಂದು ಕಾರಣ. ಅಷ್ಟು ಹೊತ್ತು ನಗು ಹಿಡಿದಿಟ್ಟುಕೊಳ್ಳೋದು ಯಾರಿಗೆ ಸಾಧ್ಯ? ಇದನ್ನ ಓದುವಾಗ ನನಗೆ ಕಟ್ಟೆ ಮೇಲಿನ ಅಜ್ಜಿ ನೆನಪಾದಳು. ನಾನು ಮಾಡಿದ್ದೂ ಅದೇ, ಕಬ್ಬಿಣದ ಬದಲು "ಅಲ್ಲಾಡಬ್ಯಾಡ" ಅಂದಿದ್ದೆ ಅಷ್ಟೆ.

ಕಡಗಂಚಿ ಆಗ ಹೈದರಾಬಾದಿನ ನಿಜಾಮರ ರಾಜ್ಯ. 1948ರವರೆಗೂ ಹಾಗೇ ಇತ್ತು. ಆ ರಾಜ್ಯದ ದೊಡ್ಡ ಛಾಯಾಗ್ರಾಹಕ ಅಂದ್ರೆ ಲಾಲಾ ದೀನ್ ದಯಾಳ್. 1844ರಲ್ಲಿ ಹುಟ್ಟಿ, ರೂರ್ಕಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಇಂದೋರಿನಲ್ಲಿ ಸರ್ಕಾರಿ ನೌಕರಿ ಮಾಡ್ತಾ ಕ್ಯಾಮರಾ ಹಿಡಿದವರು. ಎಂಜಿನಿಯರಿಂಗ್ ಓದಿ ಫೋಟೋಗ್ರಫಿ ಹುಚ್ಚು ಹಿಡಿಸಿಕೊಳ್ಳೋದು ಈಗಿನ ಕಾಯಿಲೆ ಅಂತ ಯಾರಾದರೂ ಅಂದ್ರೆ ಇವರ ಹೆಸರು ಹೇಳಿ :-) ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಇವರನ್ನ ಆಸ್ಥಾನದ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡು 'ರಾಜಾ' ಬಿರುದು ಕೊಟ್ಟ. ಅವರ ಹೊತ್ತಿಗೆ ಗಾಜಿನ ಪ್ಲೇಟುಗಳು ಬಂದು ಕಾಯೋ ಸಮಯ ತುಂಬಾ ಕಡಿಮೆಯಾಗಿತ್ತು. ಫೋಕಸ್ ಮಾಡೋದು ಮಾತ್ರ ಅದೇ ಕರಿ ಬಟ್ಟೆ, ಅದೇ ತಲೆಕೆಳಗಾದ ಚಿತ್ರ.

ಈ ಪೆಟ್ಟಿಗೆ ಕ್ಯಾಮರಾ ನಮ್ಮ ಸ್ಟುಡಿಯೋಗಳಲ್ಲಿ ಬಹಳ ಕಾಲ ಬಾಳಿತು. 1940ರ ದಶಕದಲ್ಲಿ ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ ಅನ್ನೋರು ಮಾಡೋಕೆ ಶುರು ಮಾಡಿದ 'ವಾಗೀಶ್ವರಿ' ಕ್ಯಾಮರಾ ದೇಶದ ಎಷ್ಟೋ ಸ್ಟುಡಿಯೋಗಳಿಗೆ ಹೋಯಿತು. ನಮ್ಮ ಅಜ್ಜ ಅಜ್ಜಿಯರ ಕಾಲದ, ಬಣ್ಣ ಬಳಿದ ಪರದೆಯ ಮುಂದೆ ನೆಟ್ಟಗೆ ನಿಂತ ಫೋಟೋಗಳಿವೆಯಲ್ಲ, ಅವುಗಳ ಹಿಂದೆ ಹೆಚ್ಚಾಗಿ ಇಂಥದೇ ಒಂದು ಪೆಟ್ಟಿಗೆ ಇರ್ತಿತ್ತು.

ಫೋಕಸ್ಸೇ ಇಲ್ಲದ ಕ್ಯಾಮರಾ, ಸೀಳಿದ ಚಿತ್ರದ ಕ್ಯಾಮರಾ

ಒಂದು ವಿಷಯ ನಾನು ಪೂರ್ತಿ ಮರೆತಿದ್ದೆ. ನಮ್ಮ ಮನೆಗಳ ಹಳೇ ಆಲ್ಬಮ್ಮಿನ ಎಷ್ಟೋ ಫೋಟೋಗಳು ಮ್ಯಾನ್ಯುಯಲ್ ಫೋಕಸ್ಸಿನವೂ ಅಲ್ಲ, ಆಟೋದವೂ ಅಲ್ಲ. ಭಾರತದಲ್ಲೇ ತಯಾರಾಗ್ತಿದ್ದ ಆಗ್ಫಾ ಕ್ಲಿಕ್ 3ರಲ್ಲಿ ಫೋಕಸ್ ಮಾಡೋ ವ್ಯವಸ್ಥೆಯೇ ಇರಲಿಲ್ಲ. ಲೆನ್ಸು ಒಂದೇ ಕಡೆ ಕೂತಿರ್ತಿತ್ತು, ಅದರ ರಂಧ್ರ ಚಿಕ್ಕದು. ರಂಧ್ರ ಚಿಕ್ಕದಾದಷ್ಟೂ ಚೂಪಾಗಿ ಕಾಣೋ ಆಳ ಹೆಚ್ಚು. ಹಾಗಾಗಿ ಕೆಲವು ಅಡಿ ಆಚೆ ನಿಂತವರೆಲ್ಲ ಸುಮಾರಾಗಿ ಸ್ಪಷ್ಟವಾಗಿ ಬರ್ತಿದ್ದರು. ಬಿಸಿಲಿಗೆ ನಿಲ್ಲಿಸಿ ಒತ್ತೋದು, ಮುಗೀತು. ಆ ಫೋಟೋಗಳಲ್ಲಿ ಜನ ನಗ್ತಿರೋದನ್ನ ಗಮನಿಸಿದ್ದೀರಾ?

ನನ್ನ 50 ಎಂಎಂ ಲೆನ್ಸು ಇದಕ್ಕೆ ಪೂರ್ತಿ ಉಲ್ಟಾ. ಎಫ್ 1.8ರಲ್ಲಿ, ಎರಡು ಮೀಟರ್ ದೂರದಲ್ಲಿ, ಸಣ್ಣ ಸೆನ್ಸರಿನ ಡಿಎಸ್‌ಎಲ್‌ಆರ್‌ನಲ್ಲಿ ಚೂಪಾಗಿ ಬರೋ ಆಳ ಎಷ್ಟು ಅಂತ ಲೆಕ್ಕ ಹಾಕಿದೆ. ಸುಮಾರು 10-11 ಸೆಂಟಿಮೀಟರ್. ಅಂದ್ರೆ ಅರ್ಧ ಗೇಣು! ದಂಟು ಅರ್ಧ ಗೇಣಿನ ಒಳಗೆ, ಅಜ್ಜಿ ಹೊರಗೆ. ಅವತ್ತು ಎಫ್ 8 ಇಟ್ಟಿದ್ದರೆ ಬಹುಶಃ ಇಬ್ಬರೂ ಬರ್ತಿದ್ದರು. ಅಷ್ಟು ಬಿಸಿಲಿತ್ತು, ಇಡಬಹುದಿತ್ತು. ಮಬ್ಬು ಹಿನ್ನೆಲೆ ಬೇಕು ಅಂತ ಹಟ ಹಿಡಿದವನು ನಾನು, ಮಷೀನಲ್ಲ.

ಇನ್ನು ಮಾವನ ಯಾಶಿಕಾ. ಕಣ್ಣಿಟ್ಟು ನೋಡಿದರೆ ನಡುವೆ ಒಂದು ಸಣ್ಣ ವೃತ್ತ, ಅದನ್ನ ಸೀಳಿದ ಒಂದು ಗೆರೆ. ಫೋಕಸ್ ತಪ್ಪಿದ್ದರೆ ಗೆರೆಯ ಎರಡೂ ಬದಿಯ ಚಿತ್ರ ಕೂಡೋದಿಲ್ಲ. ಅಜ್ಜಿಯ ಮೂಗು ಒಂದು ಕಡೆ ಅರ್ಧ, ಇನ್ನೊಂದು ಕಡೆ ಅರ್ಧ. ಉಂಗುರ ತಿರುಗಿಸ್ತಾ ಹೋದರೆ ಎರಡು ಅರ್ಧಗಳು ಹತ್ತಿರ ಬಂದು ಒಂದಾಗ್ತವೆ. ಆಗ ಒತ್ತಬೇಕು. ಇದರ ಗುಟ್ಟು ಇಷ್ಟೇ: ಆ ವೃತ್ತದಲ್ಲಿ ಎದುರುಬದುರಾಗಿ ಓರೆ ಮಾಡಿದ ಎರಡು ಪುಟ್ಟ ಪ್ರಿಸಮ್ಮುಗಳಿವೆ. ಒಂದು ಲೆನ್ಸಿನ ಒಂದು ಅಂಚಿನ ಬೆಳಕನ್ನ ನೋಡುತ್ತೆ, ಇನ್ನೊಂದು ಎದುರು ಅಂಚಿನದನ್ನ. ಎರಡು ಬದಿಯ ಸಾಕ್ಷಿ ಒಂದಾದರೆ ಫೋಕಸ್ ಸರಿ.

ಇಂಥ ಕ್ಯಾಮರಾ ಹಿಡಿದು ಹಕ್ಕಿಗಳ ಬೆನ್ನು ಹತ್ತಿದವರನ್ನ ನೆನೆದರೆ ನನಗೆ ಕೈ ಮುಗೀಬೇಕು ಅನ್ಸುತ್ತೆ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯ ನಮ್ಮ ತೇಜಸ್ವಿ. ಆ ಕಾಲದಲ್ಲಿ ಹಕ್ಕಿ ಬಂದ ಮೇಲೆ ಫೋಕಸ್ ಮಾಡ್ತೀನಿ ಅಂದ್ರೆ ಆಗ್ತಿರಲಿಲ್ಲ. ಮರೆ ಕಟ್ಟಿಕೊಂಡು ಕೂತು, ಹಕ್ಕಿ ಬಂದು ಕೂರೋ ಕೊಂಬೆಗೆ ಮೊದಲೇ ಫೋಕಸ್ ಮಾಡಿ, ಗಂಟೆಗಟ್ಟಲೆ ಕಾಯಬೇಕಿತ್ತು. ಅದಕ್ಕೆ ಆ ಹಕ್ಕಿ ಯಾವ ಕೊಂಬೆಗೆ ಬರುತ್ತೆ ಅಂತ ಗೊತ್ತಿರಬೇಕು. ಅಂದ್ರೆ ಅವರ ಅರ್ಧ ಫೋಕಸ್ಸು ಉಂಗುರದಲ್ಲಿ ಇರಲೇ ಇಲ್ಲ, ಹಕ್ಕಿಯನ್ನ ಬಲ್ಲದ್ದರಲ್ಲಿ ಇತ್ತು.

ಮಷೀನು ಕಲಿತದ್ದು

ಈಗ ಆಟೋಫೋಕಸ್ಸಿನ ಕಥೆ. ಮೊದಲು ಮಾರುಕಟ್ಟೆಗೆ ದೊಡ್ಡ ಸಂಖ್ಯೆಯಲ್ಲಿ ಬಂದ ಆಟೋಫೋಕಸ್ ಕ್ಯಾಮರಾ 1977ರ ಕೊನಿಕಾ ಸಿ35 ಎಎಫ್. ಅದರೊಳಗಿದ್ದದ್ದು ಅಮೆರಿಕದ ಹನಿವೆಲ್ ಕಂಪನಿಯ 'ವಿಸಿಟ್ರಾನಿಕ್' ಅನ್ನೋ ಭಾಗ. ಎರಡು ಕಿಟಕಿಯಿಂದ ಬಂದ ಎರಡು ಚಿತ್ರಗಳನ್ನ ಹೋಲಿಸಿ ನೋಡೋದು ಅದರ ಕೆಲಸ. ಮರುವರ್ಷ, 1978ರಲ್ಲಿ, ಪೋಲರಾಯ್ಡ್ ಬೇರೆ ದಾರಿ ಹಿಡಿಯಿತು. ಬಾವಲಿಯ ಹಾಗೆ ಕಿವಿಗೆ ಕೇಳದ ಶಬ್ದ ಕಳಿಸಿ, ಅದು ತಿರುಗಿ ಬರೋ ಹೊತ್ತಿನಿಂದ ದೂರ ಅಳೆಯೋದು. ಕತ್ತಲಲ್ಲೂ ನಡೀತಿತ್ತು. ಆದ್ರೆ ಕಿಟಕಿಯ ಗಾಜಿನ ಆಚೆ ಇರೋ ಮಗುವಿನ ಫೋಟೋ ತೆಗೆಯಲು ಹೋದರೆ ಅದು ಗಾಜಿನ ದೂರ ಅಳೆದು ಕೂರ್ತಿತ್ತು. ಪಾಪ, ಅದಕ್ಕೆ ಮಗು ಗೊತ್ತಿಲ್ಲ, ಮೊದಲು ಎದುರಾದದ್ದಷ್ಟೇ ಗೊತ್ತು. ನನ್ನ ಜೋಳದ ದಂಟಿನ ಮುತ್ತಜ್ಜ ಈ ಗಾಜು!

ದೊಡ್ಡ ತಿರುವು 1985ರದು. ಮಿನೋಲ್ಟಾ 7000 ಬಂತು. ಫೋಕಸ್ ಅಳೆಯೋ ಸೆನ್ಸರ್, ಲೆನ್ಸ್ ತಿರುಗಿಸೋ ಮೋಟಾರು ಎರಡೂ ಕ್ಯಾಮರಾದ ಒಳಗೇ. ಅದಕ್ಕೂ ಮುಂಚೆ ಪೆಂಟಾಕ್ಸ್ 1981ರಲ್ಲಿ, ನಿಕಾನ್ 1983ರಲ್ಲಿ ಪ್ರಯತ್ನ ಮಾಡಿದ್ದವು. ಜನ ಮುಗಿಬಿದ್ದು ಕೊಂಡದ್ದು ಮಾತ್ರ ಮಿನೋಲ್ಟಾವನ್ನ. ಹನಿವೆಲ್ ಸುಮ್ಮನಿರಲಿಲ್ಲ, ಪೇಟೆಂಟ್ ನಮ್ಮದು ಅಂತ ಕೋರ್ಟಿಗೆ ಹೋಯಿತು. 1992ರಲ್ಲಿ ತೀರ್ಪು ಹನಿವೆಲ್ ಕಡೆಗಾಗಿ, ಮಿನೋಲ್ಟಾ 12.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯ್ತು. ಮೊದಲ ಆಟೋಫೋಕಸ್ ಕ್ಯಾಮರಾ ಮಾಡಿದ ಕೊನಿಕಾ, ಅದನ್ನ ಗೆಲ್ಲಿಸಿದ ಮಿನೋಲ್ಟಾ, ಎರಡೂ 2003ರಲ್ಲಿ ಒಂದಾದವು. 2006ರಲ್ಲಿ ಕ್ಯಾಮರಾ ವ್ಯಾಪಾರವನ್ನೇ ಬಿಟ್ಟವು. ದಾರಿ ಮಾಡಿದವರು ಊರು ಸೇರಲಿಲ್ಲ.

ಇದರ ನಡುವೆ 1987ರಲ್ಲಿ ಕ್ಯಾನನ್ ಒಂದು ಧೈರ್ಯ ಮಾಡಿತು. ಆಟೋಫೋಕಸ್ಸಿಗಾಗಿ ಲೆನ್ಸ್ ಜೋಡಿಸೋ ಬಾಯಿಯನ್ನೇ ಬದಲಾಯಿಸಿ ಇಒಎಸ್ ತಂದಿತು. ಹಳೇ ಎಫ್‌ಡಿ ಲೆನ್ಸು ಹೊಸ ಕ್ಯಾಮರಾಗೆ ಕೂರೋದಿಲ್ಲ. ನಮ್ಮ ಭಾಷೇಲಿ ಹೇಳೋದಾದ್ರೆ ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ ಮುರಿದು ಹೊಸ ವರ್ಷನ್ ಬಿಟ್ಟ ಹಾಗೆ. ನಿಕಾನ್ 1959ರ ಬಾಯಿಯನ್ನೇ ಉಳಿಸಿಕೊಂಡು ಅದರೊಳಗೇ ಆಟೋಫೋಕಸ್ ತೂರಿಸಿತು. ಆಫೀಸಿನಲ್ಲಿ ಇದೇ ಜಗಳ ವಾರಕ್ಕೊಮ್ಮೆ ನಡೆಯುತ್ತೆ. ಎರಡೂ ಕಂಪನಿ ಬದುಕಿದವು ಅನ್ನೋದನ್ನ ಮುಂದಿನ ಮೀಟಿಂಗಿನಲ್ಲಿ ಹೇಳೋಣ ಅಂತಿದ್ದೀನಿ.

ಓದ್ತಾ ಓದ್ತಾ ನಾನು ಬೆಚ್ಚಿದ್ದು ಇನ್ನೊಂದು ವಿಷಯಕ್ಕೆ. ಈ ಎಸ್‌ಎಲ್‌ಆರ್‌ಗಳ ಆಟೋಫೋಕಸ್ ನಡೆಯೋದು ಹೇಗೆ ಅಂದ್ರೆ, ಲೆನ್ಸಿನ ಒಂದು ಅಂಚಿನಿಂದ ಬಂದ ಬೆಳಕು ಒಂದು ಸಾಲು ಸೆನ್ಸರಿಗೆ ಹೋಗುತ್ತೆ, ಎದುರು ಅಂಚಿನಿಂದ ಬಂದದ್ದು ಇನ್ನೊಂದು ಸಾಲಿಗೆ. ಎರಡು ಸಾಲುಗಳ ಚಿತ್ರ ಎಷ್ಟು ಸರಿದಿದೆ ಅಂತ ನೋಡಿದರೆ ಲೆನ್ಸನ್ನ ಯಾವ ಕಡೆ, ಎಷ್ಟು ತಿರುಗಿಸಬೇಕು ಅಂತ ಒಂದೇ ಏಟಿಗೆ ಗೊತ್ತಾಗುತ್ತೆ. ಫೇಸ್ ಡಿಟೆಕ್ಷನ್ ಅಂತಾರೆ ಇದನ್ನ. ಮುಖ ಹುಡುಕೋದಲ್ಲ, ಅಲೆಗಳ ವಿಷಯದಲ್ಲಿ ಹೇಳ್ತೀವಲ್ಲ ಆ ಫೇಸು. ಇದು ಮಾವನ ಯಾಶಿಕಾದ ಸೀಳಿದ ವೃತ್ತವೇ ಅಲ್ಲವೇ? ಅದೇ ಎರಡು ಅಂಚು, ಅದೇ ಎರಡು ಅರ್ಧ, ಅವು ಒಂದಾಗೋದನ್ನೇ ಕಾಯೋದು. ಅಲ್ಲಿ ನನ್ನ ಕಣ್ಣು, ಬೆರಳು. ಇಲ್ಲಿ ಸೆನ್ಸರು, ಮೋಟಾರು.

ಅಂದ ಮೇಲೆ ಕೈಯದ್ದು ಕಲೆ, ಮಷೀನಿನದ್ದು ಸೋಮಾರಿತನ ಅನ್ನೋ ಮಾತಿಗೆ ಅರ್ಥವೇ ಇಲ್ಲ. ಎರಡೂ ಮಾಡೋ ಲೆಕ್ಕ ಒಂದೇ. ಮಷೀನು ಬೇಗ ಮಾಡುತ್ತೆ, ಬಹಳ ಸಲ ನನಗಿಂತ ಸರಿಯಾಗಿಯೂ ಮಾಡುತ್ತೆ.

ಎಷ್ಟು ಅಲ್ಲ, ಎಲ್ಲಿ

ಹಾಗಾದರೆ ದಂಟಿಗೆ ಯಾಕೆ ಹೋಯಿತು? ಯಾಕಂದ್ರೆ ಫೋಕಸ್ ಅನ್ನೋದರಲ್ಲಿ ಎರಡು ಕೆಲಸ ಇವೆ. ಒಂದು, ಎಲ್ಲಿ ನೋಡಬೇಕು ಅಂತ ತೀರ್ಮಾನ ಮಾಡೋದು. ಇನ್ನೊಂದು, ಅಲ್ಲಿಗೆ ಲೆನ್ಸನ್ನ ಎಷ್ಟು ತಿರುಗಿಸಬೇಕು ಅನ್ನೋದು. 1985ರಲ್ಲಿ ಮಷೀನಿಗೆ ಹೋದದ್ದು ಈ 'ಎಷ್ಟು' ಮಾತ್ರ. ಮಿನೋಲ್ಟಾ 7000ಕ್ಕೆ ಇದ್ದದ್ದು ನಟ್ಟನಡುವೆ ಒಂದೇ ಒಂದು ಫೋಕಸ್ ಜಾಗ. ಅದನ್ನ ಯಾರ ಮುಖದ ಮೇಲೆ ಇಡಬೇಕು ಅಂತ ಹಿಡಿದವನೇ ಹೇಳಬೇಕಿತ್ತು. ಮುಖದ ಮೇಲೆ ಇಟ್ಟು, ಗುಂಡಿ ಅರ್ಧ ಒತ್ತಿ ಹಿಡಿದು, ಆಮೇಲೆ ಫ್ರೇಮ್ ಸರಿಮಾಡಿಕೊಂಡು ಪೂರ್ತಿ ಒತ್ತೋದು.

ಆಮೇಲೆ ಒಂದು ಮೂರಾಯ್ತು, ಐದಾಯ್ತು, 1998ರ ಕ್ಯಾನನ್ ಇಒಎಸ್-3ರಲ್ಲಿ 45 ಆಯ್ತು. ಇಷ್ಟು ಬಿಂದುಗಳಿದ್ದಾಗ ಯಾವುದು ಅಂತ ಯಾರು ಹೇಳಬೇಕು? ಕ್ಯಾಮರಾವೇ ಆರಿಸಿಕೊಳ್ಳಲಿ ಅಂತ ಬಿಟ್ಟರೆ ಅದು ಸಾಮಾನ್ಯವಾಗಿ ಹತ್ತಿರ ಇರೋದನ್ನ, ಗೆರೆ ಚೆನ್ನಾಗಿ ಎದ್ದು ಕಾಣೋದನ್ನ ಹಿಡಿಯುತ್ತೆ. ಹೊಲದಲ್ಲಿ ಅದು ಜೋಳದ ದಂಟು. ನನ್ನ ಕ್ಯಾಮರಾ ಅವತ್ತು ಆ ಸೆಟ್ಟಿಂಗಿನಲ್ಲಿತ್ತು. ಕೊಂಡಾಗಿನಿಂದ ಒಮ್ಮೆಯೂ ಬದಲಾಯಿಸಿರಲಿಲ್ಲ. ಅದು 'ಪೀಂ' ಅಂದದ್ದು "ಸಿಕ್ಕಿತು" ಅಂತ. ಏನು ಸಿಕ್ಕಿತು ಅಂತ ನಾನು ಕೇಳಲಿಲ್ಲ.

ಈ 'ಎಲ್ಲಿ'ಯನ್ನೂ ಕಲಿಸೋಕೆ ಕಂಪನಿಗಳು ಪಟ್ಟ ಪಾಡು ಕಡಿಮೆ ಏನಲ್ಲ. 1992ರ ಕ್ಯಾನನ್ ಇಒಎಸ್ 5 ಫೋಟೋ ತೆಗೆಯುವವನ ಕಣ್ಣಗುಡ್ಡೆಯನ್ನೇ ನೋಡ್ತಿತ್ತು. ಕಣ್ಣು ಎತ್ತ ಹೊರಳುತ್ತೋ ಆ ಬಿಂದುವಿಗೆ ಫೋಕಸ್! ಈ ವಿದ್ಯೆ ನಡುವೆ ಮರೆಯಾಗಿ 2021ರ ಇಒಎಸ್ ಆರ್3ರಲ್ಲಿ ಮತ್ತೆ ಬಂತು. 2005ರ ಹೊತ್ತಿಗೆ ಸಣ್ಣ ಕ್ಯಾಮರಾಗಳು ಮುಖ ಗುರುತಿಸೋಕೆ ಶುರು ಮಾಡಿದವು. ಈಗಿನ ಮಿರರ್‌ಲೆಸ್ ಕ್ಯಾಮರಾಗಳು ಕಣ್ಣನ್ನೇ ಹುಡುಕಿ ಹಿಡಿಯುತ್ತವೆ, ಹಕ್ಕಿಯ ಕಣ್ಣನ್ನೂ ಬಿಡೋದಿಲ್ಲ. ಅವತ್ತು ನನ್ನ ಹತ್ರ ಅಂಥದ್ದು ಇದ್ದಿದ್ದರೆ ಅಜ್ಜಿ ಚೂಪಾಗಿ ಬರ್ತಿದ್ದಳೇನೋ. ಅದನ್ನ ಒಪ್ಪಿಕೊಳ್ಳೋಕೆ ನನಗೆ ನಾಚಿಕೆ ಇಲ್ಲ. ಆದ್ರೆ ಹತ್ತು ಜನ ಕೂತಿರುವಾಗ ಯಾರ ಕಣ್ಣು ಅನ್ನೋದು ಅದಕ್ಕೂ ಗೊತ್ತಾಗಲ್ಲ. ಅಷ್ಟು ಜನರಲ್ಲಿ ಅಜ್ಜಿ ಯಾರು ಅಂತ ನನಗೆ ಗೊತ್ತು.

ಕಲಿಯುವವನು ಮ್ಯಾನ್ಯುಯಲ್ ಮಾಡಿ ನೋಡಬೇಕು ಅಂತ ಈಗಲೂ ಹೇಳ್ತೀನಿ, ಕಾರಣ ಮಾತ್ರ ಬದಲಾಗಿದೆ. ಉಂಗುರ ತಿರುಗಿಸೋದು ದೊಡ್ಡ ವಿದ್ಯೆ ಅಂತಲ್ಲ. ಉಂಗುರ ಹಿಡಿದರೆ ಪ್ರತಿ ಸಲವೂ "ಎಲ್ಲಿ?" ಅನ್ನೋ ಪ್ರಶ್ನೆಗೆ ಉತ್ತರ ಹೇಳದೆ ಮುಂದೆ ಹೋಗೋಕಾಗಲ್ಲ. ಆ ಅಭ್ಯಾಸ ಕೈಗೆ ಹತ್ತಿದ ಮೇಲೆ 'ಎಷ್ಟು' ಅನ್ನೋದನ್ನ ಮಷೀನಿಗೆ ಕೊಡಬಹುದು. ಕೊಡಲೇಬೇಕು, ಇಲ್ಲಾಂದ್ರೆ ಎದುರಿಗಿರೋರ ನಗು ಕಾಯೋದಿಲ್ಲ.

ಇನ್ನೊಂದು ಮಾತು. ಹೊಸ ಡಿಎಸ್‌ಎಲ್‌ಆರ್‌ನ ಕಿಟ್ ಲೆನ್ಸಿನಲ್ಲಿ ಮ್ಯಾನ್ಯುಯಲ್ ಮಾಡಿ ಸೋತು, "ಇದು ನನ್ನ ಕೈಲಾಗಲ್ಲ" ಅಂತ ಕೂರಬೇಡಿ. ಅವುಗಳಲ್ಲಿ ಆ ಸೀಳಿದ ವೃತ್ತ ಇರೋದಿಲ್ಲ. ಎಫ್ 5.6ರಂಥ ಮಂದ ಲೆನ್ಸು ಹಾಕಿದರೆ ಆ ವೃತ್ತದ ಅರ್ಧ ಕಪ್ಪಾಗಿಬಿಡುತ್ತೆ, ಅದಕ್ಕೇ ಅದು ಹೋಯಿತು. ಕಿಟ್ ಲೆನ್ಸಿನ ಉಂಗುರವೂ ಒಂಚೂರು ತಿರುಗಿದರೆ ಎಲ್ಲೋ ಹೋಗಿಬಿಡುತ್ತೆ. ಹಿಂದಿನ ಸ್ಕ್ರೀನಿನಲ್ಲಿ ಚಿತ್ರ ದೊಡ್ಡದು ಮಾಡಿಕೊಂಡು ನೋಡಿ ಫೋಕಸ್ ಮಾಡಿ. ಇಲ್ಲಾ ಯಾರ ಮನೆಯಲ್ಲಾದರೂ ಹಳೇ ಫಿಲ್ಮ್ ಕ್ಯಾಮರಾ ಸಿಕ್ಕರೆ ರೋಲ್ ಇಲ್ಲದೆಯೂ ಕಣ್ಣಿಟ್ಟು ಉಂಗುರ ತಿರುಗಿಸಿ ನೋಡಿ. ಕಾಸು ಖರ್ಚಿಲ್ಲ.

ಮತ್ತೆ ಹೊಲದಲ್ಲಿ

2024ರ ಡಿಸೆಂಬರ್ ಕೊನೆಗೆ ಮತ್ತೆ ಎಳ್ಳಮಾವಾಸ್ಯೆ ಬಂತು. ಅಜ್ಜಿ ಇಲ್ಲದ ಮೊದಲನೇದು. ಹೊಲದಲ್ಲಿ ಊಟ ಆದ ಮೇಲೆ ಮಾವನಿಗೆ ಆ ಮಬ್ಬು ಫೋಟೋ ಮೊಬೈಲಿನಲ್ಲಿ ತೋರಿಸಿದೆ. ಬಹಳ ದಿನದಿಂದ ಯಾರಿಗೂ ತೋರಿಸಿರಲಿಲ್ಲ. ಆಟೋಫೋಕಸ್ಸಿನಿಂದ ಹೀಗಾಯ್ತು ಮಾವಾ ಅಂದೆ.

ಮಾವ ಕನ್ನಡಕ ಮೇಲೆತ್ತಿ, ಮೊಬೈಲು ದೂರ ಹಿಡಿದು, ಬಹಳ ಹೊತ್ತು ನೋಡಿದರು. ಆಮೇಲೆ, "ಅದರದೇನು ತಪ್ಪದ? ಎಲ್ಲಿ ನೋಡಬೇಕಂತ ನೀ ಅದಕ್ಕ ಹೇಳಿದ್ದೇನು?" ಅಂದರು. ನಾನು ಇಷ್ಟೆಲ್ಲಾ ಓದಿ ಕಂಡುಕೊಂಡದ್ದನ್ನ ಸ್ಟುಡಿಯೋ ಇಟ್ಟವರು ಹೋಳಿಗೆ ಜಗಿಯುತ್ತಾ ಹೇಳಿಬಿಟ್ಟರು.

ಅವತ್ತು ಕ್ಯಾಮರಾದಲ್ಲಿ ಒಂದೇ ಬಿಂದು ಆರಿಸಿಕೊಂಡಿದ್ದೆ. ಎಫ್ 5.6. ಮಾವ ಬೆಳೆಯ ಕಡೆ ಕೈ ತೋರಿಸಿ ಏನೋ ಹೇಳ್ತಿದ್ದರು, ಮುಂದೆ ಅದೇ ಥರ ದಂಟುಗಳು ಗಾಳಿಗೆ ಅಲ್ಲಾಡ್ತಿದ್ದವು. ಬಿಂದುವನ್ನ ಅವರ ಕಣ್ಣಿನ ಮೇಲೆ ಇಟ್ಟೆ. ಅರ್ಧ ಒತ್ತಿ ಹಿಡಿದೆ. ಕಾದೆ. "ನಿಮ್ಮ ಅಜ್ಜಿ ಇದ್ದಿದ್ರ ಈ ತೆನಿ ನೋಡಿ..." ಅಂತ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿ ನಕ್ಕರು. ಆಗ ಒತ್ತಿದೆ.

ಬಂದಿದೆ. ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ಅಲ್ಲೇ ನೋಡಿಕೊಂಡೆ ಈ ಸಲ.

ಆ ಹುಡುಗನಿಗೆ ಮರುದಿನ ಹೇಳಿದೆ: "ನಾನು ನಿನ್ನೆ ಹೇಳಿದ್ದು ಅರ್ಧ. ಒಂದು ತಿಂಗಳು ಉಂಗುರ ತಿರುಗಿಸು, ಆಮೇಲೆ ಒಂದೇ ಬಿಂದು ಇಟ್ಟು ಆಟೋಫೋಕಸ್ ಹಾಕು. ಮೊದಲು ಊರಿಗೆ ಹೋಗಿ ಮನೇಲಿ ದೊಡ್ಡವರು ಯಾರಿದ್ದಾರೋ ಅವರ ಫೋಟೋ ತೆಗಿ." ಅವನು ಮೊದಲಿನ ಎರಡಕ್ಕೆ ತಲೆಯಾಡಿಸಿದ. ಮೂರನೇದಕ್ಕೆ ಯಾಕೆ ಅಂತ ಕೇಳಿದ. ಅಷ್ಟರಲ್ಲಿ ಮೀಟಿಂಗಿಗೆ ಕರೆದರು, ಹೇಳೋಕಾಗಲಿಲ್ಲ. ಅದಕ್ಕೇ ಇಷ್ಟು ಬರೆದದ್ದು.

ನಿಮ್ಮ ಮನೆಯ ಟ್ರಂಕಿನಲ್ಲೂ ಯಾವುದಾದರೂ ಹಳೇ ಕ್ಯಾಮರಾ ಇದೆಯಾ? ಈ ಸಲ ಊರಿಗೆ ಹೋದಾಗ ತೆಗೆದು ನೋಡಿ. ಏನಂತೀರಾ?